ಗುಲಾಬಿ ಹೂವಿನ ಮೆಂಬರ್

"ನಿನ್ನೆಯೂ ಬಾಯಿ ಬರಲಿಲ್ಲ" ಎಂದು ಖುಷ್ನುಮಾ ಡೈರಿಯಲ್ಲಿ ಬರೆದುಕೊಂಡಳು.

ಮಧುಗಿರಿಯಿಂದ ಶಿರಾಕ್ಕೆ ಬರುವ ಬಸ್ಸು ಅವಳ ಗಲ್ಲಿಯ ತಿರುವಿನಲ್ಲಿ ನಿಲ್ಲಬೇಕಾದರೆ ಯಾರಾದರೂ ಕೂಗಬೇಕು. ಅವಳು ಕೂಗಲಿಲ್ಲ. ಮಾತು ಗಂಟಲಿನವರೆಗೆ ಬಂದು ಅಲ್ಲೇ ಕೂತಿತು. ತಿರುವು ಬಂತು, ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವಾಗ ಕಂಡಕ್ಟರು, "ಗಲ್ಲಿ ತಾವ ಇಳ್ಯೋರು ಹೇಳ್ಬಾರ್ದಾ? ಸುಮ್ಕೆ ಕುಂತ್ರೆ ಸ್ಟ್ಯಾಂಡಿಗೇ ಅಂತ ಅಲ್ವೇನಮ್ಮಾ?" ಎಂದ. ಹಿಂದಿನ ಸೀಟಿನವರು ನಕ್ಕರು. ಅವಳು ಬಿಸಿಲಲ್ಲಿ ಅಷ್ಟು ದೂರ ವಾಪಸ್ಸು ನಡೆದು ಬಂದಳು.

ಬಿ.ಎ. ಮುಗಿಸಿದವಳು. ಮೂರು ಭಾಷೆ ಓದುತ್ತಾಳೆ. ಇಷ್ಟು ಸಣ್ಣ ಸಂಗತಿಯನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಬಸ್ಸು ನಿಲ್ಲಿಸಲಾರದವಳು ಇನ್ನೇನು ಮಾಡಿಯಾಳು ಎಂದು ಬರೆದಳು. ಬರೆದು ಆ ಸಾಲನ್ನು ಹೊಡೆದು ಹಾಕಿದಳು. ಎದ್ದು ಕಿಟಕಿಗೆ ಹೋದಳು. ಬಂದು ಕೂತಳು. ಮತ್ತೆ ಎದ್ದಳು. ಬೆಳಗಿನಿಂದ ಅವಳಿಗೆ ಒಂದು ಕಡೆ ಕೂರಲಾಗುತ್ತಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ನಂತರ ಜಮಾತಿನ ಹಿರಿಯರು ಶಾದಿ ಮಹಲಿನಲ್ಲಿ ಸೇರಲಿದ್ದರು. ಈ ಸಲದ ನಗರಸಭೆ ಚುನಾವಣೆಗೆ ವಾರ್ಡಿನಿಂದ ಯಾರನ್ನು ನಿಲ್ಲಿಸುವುದೆಂದು ತೀರ್ಮಾನ. ಒಂದು ಕಡೆ ಅವಳ ಅಬ್ಬಾ. ಇನ್ನೊಂದು ಕಡೆ ಅವಳ ಫುಪ್ಪು, ಸೋದರತ್ತೆ.

ಅಷ್ಟರಲ್ಲಿ ವಾಸನೆ ಬಂತು. ಅದರ ಹಿಂದೆಯೇ ಗಲಾಟೆ.

ಗಲ್ಲಿಯ ಕೊನೆಗೆ ಹೆಂಗಸರ ಪಾಯಿಖಾನೆ ಇದೆ. ಬೀಡಿ ಕಟ್ಟುವವರ ಗಲ್ಲಿ ಅದು. ಒಂದೊಂದೇ ಕೋಣೆಯ ಮನೆಗಳು. ಒಳಗೆ ಪಾಯಿಖಾನೆ ಕಟ್ಟಿಕೊಳ್ಳಲು ಜಾಗವಿಲ್ಲ. ಮೊದಲೆಲ್ಲ ಹೆಂಗಸರು ನಸುಕಿಗೆ ಮುಂಚೆ ಚೊಂಬು ಹಿಡಿದು ಜಾಲಿಪೊದೆಗಳ ಕಡೆ ಹೋಗುತ್ತಿದ್ದರು. ಹಗಲು ಒತ್ತಿ ಬಂದರೆ ತಡೆದುಕೊಳ್ಳುತ್ತಿದ್ದರು. ತಡೆದೂ ತಡೆದೂ ಕಿಬ್ಬೊಟ್ಟೆಯಲ್ಲಿ ಉರಿ. ನೀರು ಕುಡಿಯುವುದನ್ನೇ ಬಿಟ್ಟವರಿದ್ದರು. ಬಸುರಿ ಹೆಂಗಸೊಬ್ಬಳು ಕತ್ತಲಲ್ಲಿ ಕಲ್ಲಿಗೆ ಎಡವಿ ಬಿದ್ದು ಮಗು ಕಳೆದುಕೊಂಡಿದ್ದಳು.

ಆ ಪಾಯಿಖಾನೆ ಕಟ್ಟಿಸಿದ್ದು ರಹೀಮುನ್ನೀಸಾ. ಖುಷ್ನುಮಾಳ ಅಬ್ಬಾ ಮುಜೀಬ್‌ಗೆ ಸ್ವಂತ ಅಕ್ಕ. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿಯೇ ಬದುಕಿದವಳು. ಬೆರಳ ತುದಿ ಸವೆದು ನುಣ್ಣಗಾಗಿದೆ. ಆಧಾರ್ ಮಾಡಿಸಲು ಹೋದರೆ ಮಷೀನು ಅವಳ ಹೆಬ್ಬೆರಳನ್ನು ಹಿಡಿಯಲೇ ಇಲ್ಲ. ಹಿಂದೆಲ್ಲ ಬೀಡಿ ಕಂಟ್ರಾಕ್ಟರನು ಹೆಂಗಸರು ಕಟ್ಟಿ ತಂದ ಬೀಡಿಯಲ್ಲಿ ಹಿಡಿ ಹಿಡಿ ಎತ್ತಿ "ಇದು ಕೆಟ್ಟದ್ದು" ಎಂದು ಬದಿಗೆ ಎಸೆಯುತ್ತಿದ್ದ. ಅದಕ್ಕೆ ಕೂಲಿ ಇಲ್ಲ. ಸಂಜೆ ಅದೇ ಬೀಡಿಯನ್ನು ಆರಿಸಿ ಕಟ್ಟು ಕಟ್ಟಿ ಮಾರುತ್ತಿದ್ದ. ಒಂದು ದಿನ ರಹೀಮುನ್ನೀಸಾ ಎದ್ದು ನಿಂತು, "ಕೆಟ್ಟದ್ದಾದ್ರೆ ಇಲ್ಲೇ ಮುರಿ. ನಮ್ ಕಣ್ಮುಂದೆ ಮುರಿ" ಎಂದಳು. ಅವನು ಮುರಿಯಲಿಲ್ಲ. ಗಲ್ಲಿಯ ಹೆಂಗಸರೆಲ್ಲ ಮೊರ ಕೆಳಗಿಟ್ಟರು. ಸಾಬರ ಮನೆಯವರು, ನೆರೆಮನೆಯ ಓಬಳಮ್ಮನ ಕಡೆಯವರು, ಎಲ್ಲರೂ. ಮನೆ ಮನೆಯಲ್ಲೂ ಒಲೆ ತಣ್ಣಗಾಯಿತು. ಆದರೂ ಮೊರ ಎತ್ತಲಿಲ್ಲ. ಕೊನೆಗೆ ಅವನು ಮುರಿದ. ಮುರಿಯಬೇಕಾದಾಗ ಕೆಟ್ಟ ಬೀಡಿಗಳೇ ಕಮ್ಮಿಯಾದವು.

ಕಳೆದ ಚುನಾವಣೆಯಲ್ಲಿ ವಾರ್ಡು ಮಹಿಳೆಗೆ ಮೀಸಲಾಯಿತು. ಹೆಂಗಸರೇ ಅವಳನ್ನು ದಬ್ಬಿ ನಿಲ್ಲಿಸಿದರು. ಗೆಲ್ಲಿಸಿದರು.

ಆದರೆ ಫ್ಲೆಕ್ಸಿನಲ್ಲಿ ಅವಳ ಮುಖ ಇರಲಿಲ್ಲ. ಹೆಣ್ಣುಮಗಳ ಮುಖವನ್ನು ಬೀದಿಯಲ್ಲಿ ತೂಗುಹಾಕಬಾರದು ಎಂದರು ಮನೆಯ ಗಂಡಸರು. ಅವಳ ಜಾಗದಲ್ಲಿ ಒಂದು ಗುಲಾಬಿ ಹೂವು ಬಂತು. ಪಕ್ಕದಲ್ಲಿ ಮುಜೀಬ್‌ನ ಎದೆಯುದ್ದ ಫೋಟೊ, ಕೈಮುಗಿದು ನಗುತ್ತಿರುವುದು. ಗೆದ್ದ ದಿನ ಹಾರ ಬಿದ್ದದ್ದು ಮುಜೀಬ್‌ನ ಕೊರಳಿಗೆ. ಅವನ ಬೈಕಿನ ಮೇಲೆ "ನಗರಸಭಾ ಸದಸ್ಯರು" ಎಂಬ ಸ್ಟಿಕ್ಕರ್ ಬಂತು. ಚಹಾದಂಗಡಿಯಲ್ಲಿ ಅವನು ಮೆಂಬರ್ ಸಾಬ್. ಅವಳು ಮೆಂಬರ್ ಸಾಬರ ಅಕ್ಕ. ಮೀಟಿಂಗಿಗೆ ಹೋಗಿ ಮೇಜು ಗುದ್ದುತ್ತಿದ್ದವಳು ಅವಳು. ನೀರು ಬಾರದಿದ್ದರೆ ಬೈಗುಳ ತಿನ್ನುತ್ತಿದ್ದವಳು ಅವಳು. ಪಾಯಿಖಾನೆಯ ಅರ್ಜಿ ಹಿಡಿದು ಆಫೀಸಿನ ಮೆಟ್ಟಿಲು ಹತ್ತಿ ಹತ್ತಿ ಮಂಡಿ ನೋಯಿಸಿಕೊಂಡವಳೂ ಅವಳೇ. ಆ ಅರ್ಜಿಗಳನ್ನು ಬರೆದುಕೊಟ್ಟದ್ದು ಖುಷ್ನುಮಾ. ಬರೆಯುವುದಕ್ಕೆ ಬಾಯಿ ಬೇಕಾಗಿರಲಿಲ್ಲ.

ಹಳೆಯ ಫ್ಲೆಕ್ಸನ್ನು ಓಬಳಮ್ಮ ಮನೆ ಮುಂದೆ ಹಾಸಿಕೊಂಡು ಬೀಡಿ ಕಟ್ಟುತ್ತಿದ್ದಳು. "ಇವತ್ತು ಮುಜೀಬಣ್ಣನ ಮೂಗಿನ ಮ್ಯಾಲೆ ಕುಂತಿವ್ನಿ, ಬೇಗ್ ಬೇಗ್ನೆ ಸುತ್ಕೊಳ್ತಾವೆ" ಎಂದು ನಗಿಸುತ್ತಿದ್ದಳು. ಗುಲಾಬಿಯ ಕೆಂಪು ಬಿಸಿಲಿಗೆ ಹೋಗಿಬಿಟ್ಟಿತ್ತು.

ಈ ಸಲ ವಾರ್ಡು ಜನರಲ್ ಆಯಿತು. ಸುದ್ದಿ ಬಂದ ದಿನ ಊಟಕ್ಕೆ ಕೂತಾಗಲೇ ಮುಜೀಬ್ ಹೇಳಿದ. "ಈಗ ಲೇಡೀಸ್ ಸೀಟ್ ಅಲ್ಲ ಆಪಾ. ನೀವು ಆರಾಮಾಗಿರಿ. ನಾನ್ ನಿಲ್ತೀನಿ."

"ಜನರಲ್ ಅಂದ್ರೆ ಎಲ್ರದ್ದೂ," ಎಂದಳು ರಹೀಮುನ್ನೀಸಾ. "ಗಡ್ಡ ಇರ್ಬೇಕು ಅಂತ ಎಲ್ಲಿ ಬರ್ದವ್ರೆ?"

"ಜನ ನೋಡಿದ್ದು ನನ್ ಮುಖ. ಓಟು ಬಿದ್ದಿದ್ದು ನನ್ ಮುಖಕ್ಕೆ."

"ಹಂಗಾದ್ರೆ ಐದು ವರ್ಷ ಉಗಿಸ್ಕೊಂಡಿದ್ದು ಯಾರ ಮುಖಕ್ಕೆ?"

ಮುಜೀಬ್ ತಟ್ಟೆ ಬಿಟ್ಟು ಎದ್ದ. ಅಂದಿನಿಂದ ಮನೆಯಲ್ಲಿ ಅಕ್ಕತಮ್ಮ ಮಾತಾಡಿಲ್ಲ. ಖುಷ್ನುಮಾ ಇಬ್ಬರ ನಡುವೆ ಚಹಾ ಲೋಟ ಹಿಡಿದು ಓಡಾಡಿದ್ದಾಳೆ.

ಈಗ ಗಲಾಟೆ ಕೇಳಿ ಅವಳು ಹೊರಗೆ ಓಡಿದಾಗ ಪಾಯಿಖಾನೆಯ ಹಿಂದಿನ ಗುಂಡಿ ತುಂಬಿ ಗಲ್ಲಿಗೆ ಹರಿಯುತ್ತಿತ್ತು. ಗಲ್ಲಿಗೆ ಒಳಚರಂಡಿ ಇನ್ನೂ ಬಂದಿಲ್ಲ. ಸಕ್ಕಿಂಗ್ ಮಷೀನಿನ ಲಾರಿ ಬಂದು ಗುಂಡಿ ಎಳೆದುಕೊಂಡು ಹೋಗಬೇಕು. ಲಾರಿ ಬೇರೆ ವಾರ್ಡಿನಲ್ಲಿತ್ತು. ಸಂಜೆಗೆ ಬರುತ್ತದೆಂದು ನಗರಸಭೆಯವರು ರಹೀಮುನ್ನೀಸಾಗೆ ಫೋನಿನಲ್ಲಿ ಹೇಳಿದ್ದರು. ಸಂಜೆಯವರೆಗೆ ಕಾಯೋಣ ಎಂದು ಅವಳು ಹೆಂಗಸರಿಗೂ ಹೇಳಿದ್ದಳು.

ಆದರೆ ಗುಂಡಿಯ ಹತ್ತಿರ ಆಗಲೇ ಚಿಕ್ಕನರಸಯ್ಯ ನಿಂತಿದ್ದ. ಅಂಗಿ ಬಿಚ್ಚಿದ್ದ. ಚಡ್ಡಿಯೊಂದೇ. ಮೈಗೆಲ್ಲ ಎಣ್ಣೆ ಸವರಿಕೊಂಡಿದ್ದ. ಬಕೆಟ್ಟು, ಹಗ್ಗ, ಒಂದು ಗಳ. ಹರಿದ ವಿಸ್ಕಿ ಪಾಕೀಟು ಕಾಲ ಬಳಿ ಬಿದ್ದಿತ್ತು. ಎಚ್ಚರದಲ್ಲಿ ಯಾರೂ ಅದರೊಳಗೆ ಇಳಿಯಲಾರರು. ಅವನ ತಮ್ಮ ಸಣ್ಣರಂಗಯ್ಯ ಒಂದು ಲಾಡ್ಜಿನ ಗುಂಡಿಗೆ ಇಳಿದವನು ಹೆಣವಾಗಿಯೇ ಮೇಲೆ ಬಂದಿದ್ದ. ಅದು ಊರಿಗೆಲ್ಲ ಗೊತ್ತು. ಆದರೂ ಚಿಕ್ಕನರಸಯ್ಯನನ್ನು ಕರೆಯುತ್ತಾರೆ. ಅವನೂ ಬರುತ್ತಾನೆ.

ಕರೆತಂದವನು ನಗರಸಭೆಯ ಸಫಾಯಿ ಕಂಟ್ರಾಕ್ಟರನ ಕಡೆಯ ನವೀನ್ ಕುಮಾರ್. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ದೂರ ನಿಂತು, "ಲೇ, ಎತ್ಲಾ ಮುಚ್ಚಳ. ಬೇಗ ಆಗ್ಬೇಕು" ಎನ್ನುತ್ತಿದ್ದ.

ರಹೀಮುನ್ನೀಸಾ ಬಂದಳು. ಕೈಯಲ್ಲಿ ಬೀಡಿಯ ಮೊರ ಹಾಗೇ ಇತ್ತು. "ಯಾರು ಕಳ್ಸಿದ್ದು ಇವನ್ನ?"

"ಮೆಂಬರ್ ಸಾಬ್ರು."

"ಯಾವ ಮೆಂಬರ್?"

ನವೀನ್ ಕುಮಾರ್ ನಕ್ಕ. "ಇನ್ಯಾವ ಮೆಂಬರ್ ಆಪಾ? ಮುಜೀಬಣ್ಣ. ಸಂಜೆ ಸಭೆ ಐತೆ, ಅಷ್ಟೊತ್ತಿಗೆ ಗಲ್ಲಿ ಕ್ಲೀನಾಗಿರ್ಬೇಕು ಅಂದವ್ರೆ. ಹಿರೇರು ಈ ಕಡೆಯಿಂದ್ಲೇ ಬರ್ತಾರಂತೆ."

ರಹೀಮುನ್ನೀಸಾ ಚಪ್ಪಲಿ ಬಿಚ್ಚಿದಳು. ಹರಿಯುವ ಹೇಲುನೀರಿನಲ್ಲಿ ಬರಿಗಾಲಲ್ಲಿ ನಡೆದು ಹೋಗಿ ಗುಂಡಿಯ ಮುಚ್ಚಳದ ಕಲ್ಲುಚಪ್ಪಡಿಯ ಮೇಲೆ ಕಾಲು ಮಡಚಿ ಕೂತಳು. ತೊಡೆಯ ಮೇಲೆ ಮೊರ ಇಟ್ಟುಕೊಂಡಳು. ಒಂದು ಎಲೆ ಎತ್ತಿ ತಂಬಾಕು ಉದುರಿಸಿ ಸುತ್ತಿದಳು. ನೂಲು ಬಿಗಿದಳು.

"ಏಳಿ ಆಪಾ."

"ಮಷೀನ್ ಬರ್ಲಿ, ಏಳ್ತೀನಿ. ಮನುಷ್ಯ ಇಳೀಕೂಡ್ದು."

"ನನ್ ಕೂಲಿ ಕಣಮ್ಮ," ಎಂದ ಚಿಕ್ಕನರಸಯ್ಯ. ಅವನಿಗೆ ಸಿಟ್ಟು ಬಂದಿತ್ತು. "ನಿಮ್ಗೇನು, ಓಟಿನ ಟೇಮು. ಇಲ್ಲಿ ಕುಂತ್ರೆ ನಾಕು ಜನ ನೋಡ್ತಾರೆ. ನಾನು ಮನೆಗೇನ್ ತಗಂಡೋಗ್ಲಿ? ಒಂದ್ ಗಳಿಗೆ ಕೆಲ್ಸ. ಇಳ್ದು ಬಂದ್ಬುಡ್ತೀನಿ, ಬುಡಮ್ಮ."

"ನಿನ್ ತಮ್ಮನೂ ಹಂಗೇ ಅಂದಿದ್ದ."

ಚಿಕ್ಕನರಸಯ್ಯ ಹಗ್ಗವನ್ನು ಕಾಲಿನಿಂದ ಬದಿಗೆ ತಳ್ಳಿದ.

"ನಂಗೆ ಓಟು ಹಾಕ್ಬೇಡ," ಎಂದಳು ರಹೀಮುನ್ನೀಸಾ, ಬೆರಳು ನಿಲ್ಲಿಸದೆ. "ಬೈಯೋದಿದ್ರೆ ಬೈಯಿ. ಆದ್ರೆ ಇಳೀಬೇಡ. ಓಬಳಮ್ಮಾ, ಇವನಿಗೊಂದ್ ಟೀ ಕೊಡೇ. ನನ್ ಲೋಟದಾಗೇ ಕೊಡು."

ಓಬಳಮ್ಮ ಟೀ ತಂದಳು. ಚಿಕ್ಕನರಸಯ್ಯ ಲೋಟ ಹಿಡಿದು ನಿಂತ. ಕುಡಿಯಲಿಲ್ಲ. ಆಮೇಲೆ ಗೋಡೆಯ ನೆರಳಿಗೆ ಹೋಗಿ ಕುಕ್ಕರಗಾಲಲ್ಲಿ ಕೂತ. "ಸಂಜೆಗಂಟ ಕಾಯ್ತೀನಿ. ಮಷೀನ್ ಬರ್ಲಿಲ್ಲ ಅಂದ್ರೆ ನನ್ ಕೂಲಿ ನೀನೇ ಕೊಡ್ಬೇಕು" ಎಂದ.

"ಕೊಡ್ತೀನಿ. ಕುಂತ್ಕೋ."

ನವೀನ್ ಕುಮಾರ್ ಯಾರಿಗೋ ಫೋನು ಮಾಡಿದ. ಬೈಕಿನ ಮೇಲೆ ಕೂತ. ಹೋಗಲಿಲ್ಲ. ಅವಳು ಏಳುವುದನ್ನೇ ಕಾಯುತ್ತಿದ್ದ.

ಮಸೀದಿಯಿಂದ ಅಸರ್‌ನ ಆಜಾನ್ ಕೇಳಿತು. ಲಾರಿ ಬಂದಿರಲಿಲ್ಲ.

"ಆಪಾ, ನೀವು ಸಭೆಗೆ ಹೋಗ್ಬನ್ನಿ, ನಾನ್ ಕುಂತ್ಕೊತೀನಿ ಇಲ್ಲಿ," ಎಂದಳು ಓಬಳಮ್ಮ.

"ನಿನ್ನ ರಟ್ಟೆ ಹಿಡ್ದು ಎಳ್ದಾಕ್ತಾನೆ ಈ ನವೀನ. ನನ್ನ ಮುಟ್ಟಕ್ಕೆ ಮಾತ್ರ ಹೆದರ್ತಾನೆ." ರಹೀಮುನ್ನೀಸಾ ತಲೆ ಎತ್ತಿ ಹುಡುಕಿದಳು. "ಖುಷೀ, ಬಾ ಇಲ್ಲಿ."

ಖುಷ್ನುಮಾ ದುಪಟ್ಟಾ ಮೂಗಿಗೆ ಹಿಡಿದು ಹತ್ತಿರ ಹೋದಳು.

"ಜಮಾತಿನ ಹಿರೇರು ನಬೀ ಸಾಬ್ ಫೋನ್ ಇಟ್ಕೊಳ್ಳಲ್ಲ. ನಿಮ್ಮಪ್ಪ ನನ್ ಫೋನ್ ಎತ್ತಲ್ಲ. ಸಭೇಲಿ ಬಾಯಲ್ಲಿ ಹೇಳಿದ್ದೇ ಮಾತು ಅವ್ರಿಗೆ. ನಾನು ನಿಲ್ತೀನಿ ಅಂತ ಹೇಳ್ಬಿಟ್ಟು ಬಾ. ಅಷ್ಟೇ."

"ನಾನಾ?"

"ಇನ್ಯಾರು? ಮನೆಯವ್ರೇ ಹೇಳ್ಬೇಕು. ಅಲ್ಲಿ ದುವಾ ಆಗಿ ಅವ್ನ ಹೆಸ್ರು ಹೇಳ್ಬಿಟ್ರೆ ಮುಗೀತು ಬೇಟಾ. ಆಮೇಲೆ ಜಮಾತಿಗೆ ಹೆದ್ರಿ ನನ್ ಅರ್ಜಿಗೆ ಸೂಚಕರಾಗಿ ಸೈನ್ ಹಾಕೋಕೆ ಈ ಕಡೆ ಒಬ್ರೂ ಬರಲ್ಲ."

"ಫುಪ್ಪು, ನಂಗೆ ಬಾಯಿ ಬರಲ್ಲ."

ರಹೀಮುನ್ನೀಸಾ ಅವಳನ್ನೇ ನೋಡಿದಳು. ಬೈಯುತ್ತಾಳೆಂದು ಖುಷ್ನುಮಾ ಕಾದಳು. ಅವಳು ಬೈಯಲಿಲ್ಲ. "ಗೊತ್ತು," ಎಂದಳು. "ಆದ್ರೂ ಹೋಗು." ಮತ್ತೆ ಎಲೆ ಎತ್ತಿಕೊಂಡಳು.

ಖುಷ್ನುಮಾ ನಡೆದಳು. ಓಡಿದಳು. ಮತ್ತೆ ನಡೆದಳು. ಚಪ್ಪಲಿಗೆ ಹೊಲಸು ಮೆತ್ತಿತ್ತು. ಕಲ್ಲಿಗೆ ಉಜ್ಜಿದರೂ ಹೋಗಲಿಲ್ಲ. ದಾರಿಯುದ್ದಕ್ಕೂ ಆ ಒಂದು ವಾಕ್ಯವನ್ನು ಬಾಯೊಳಗೆ ಹೇಳಿಕೊಂಡಳು. ಫುಪ್ಪು ನಿಲ್ತಾರೆ. ಫುಪ್ಪು ನಿಲ್ತಾರೆ. ಎದುರು ಯಾರೋ ಬಂದರೆ ತುಟಿ ನಿಲ್ಲಿಸುತ್ತಿದ್ದಳು. ಆ ವಾಕ್ಯ ಅಬ್ಬಾನ ಎದುರು ಹೇಳಬೇಕಾದದ್ದು. ಅಬ್ಬಾ ಕೆಟ್ಟವರಲ್ಲ. ಕಾಲೇಜು ಬೇಡವೆಂದ ನೆಂಟರ ಬಾಯಿ ಮುಚ್ಚಿಸಿ ಅವಳನ್ನು ಓದಿಸಿದವರು. ಪರೀಕ್ಷೆಗೆಂದು ಬೈಕಿನ ಹಿಂದೆ ಕೂರಿಸಿಕೊಂಡು ಹೋಗಿ ಗೇಟಿನ ಹೊರಗೆ ಬಿಸಿಲಲ್ಲಿ ಕಾದವರು. ಆ ಬೈಕಿನ ಮೇಲೆಯೇ ಸ್ಟಿಕ್ಕರ್ ಇತ್ತು.

ಶಾದಿ ಮಹಲಿನಲ್ಲಿ ಹೆಂಗಸರಿಗೆಂದು ಹಾಲಿನ ಒಂದು ಮೂಲೆಗೆ ಹಸಿರು ಪರದೆ ಕಟ್ಟಿದ್ದರು. ಅದರ ಹಿಂದೆ ಯಾರೂ ಇರಲಿಲ್ಲ. ಗಲ್ಲಿಯ ಹೆಂಗಸರೆಲ್ಲ ಗುಂಡಿಯ ಸುತ್ತ ಇದ್ದರು. ಖುಷ್ನುಮಾ ಒಬ್ಬಳೇ ನಿಂತಳು.

ಅದೇ ಪರದೆ. ಹೋದ ವರ್ಷ ಅವಳ ಗೆಳತಿಯ ನಿಕಾಹ್ ಇಲ್ಲೇ ಆಗಿತ್ತು. ನಬೀ ಸಾಬ್ ಪರದೆಯ ಆಚೆ ನಿಂತು ಹುಡುಗಿಗೆ ಮದುವೆ ಒಪ್ಪಿಗೆಯೇ ಎಂದು ಮೂರು ಸಲ ಕೇಳಿದ್ದರು. ಗೆಳತಿ ಅಳುತ್ತಿದ್ದಳು. ಉಸಿರೆತ್ತಿರಲಿಲ್ಲ. "ನಾಚ್ಕೊಂಡವ್ಳೆ. ಸುಮ್ನಿದ್ರೆ ಒಪ್ಪಿಗೆ" ಎಂದು ಒಂದು ಗಂಡು ದನಿ ಹೇಳಿತ್ತು. ಹೊರಗೆ ಖರ್ಜೂರ ಹಂಚಿದ್ದರು.

ಹಾಲಿನಲ್ಲಿ ಮಾತು ಕನ್ನಡದಲ್ಲೇ ನಡೆದಿತ್ತು. ಮುಂದಿನ ಬೀದಿಯ ದೊಡ್ಡರಂಗಪ್ಪನವರನ್ನೂ ಕರೆಸಿದ್ದರು. ಅವರ ಕಡೆಯ ಓಟುಗಳೂ ಬೇಕಲ್ಲ.

"ಆಯಮ್ಮ ಕೆಲ್ಸ ಮಾಡವ್ಳೆ. ಸುಳ್ಳು ಹೇಳಕ್ಕಾಗಕಿಲ್ಲ," ಎನ್ನುತ್ತಿದ್ದರು ದೊಡ್ಡರಂಗಪ್ಪ. "ನಮ್ ಬೀದಿ ನಲ್ಲಿಗೆ ಅವಳೇ ಓಡಾಡಿದ್ದು."

"ಅವ್ರು ಓಡಾಡಿದ್ರು, ನಾನ್ ಓಡಾಡಿಸ್ದೆ," ಎಂದ ಮುಜೀಬ್. ಕೆಲವರು ನಕ್ಕರು. "ಹೆಂಗಸು ಎಲ್ಲಾ ಕಡೆ ಹೋಗಕ್ಕಾಗುತ್ತಾ ರಂಗಪ್ಪೋರೇ? ಹೆಸ್ರು ಅವ್ರದ್ದು ಇತ್ತು, ಮೆಂಬರ್‌ಗಿರಿ ನಾನ್ ಮಾಡ್ದೆ. ಇವತ್ತೇ ನೋಡಿ. ಗಲ್ಲೀಲಿ ಪಾಯಿಖಾನೆ ಗುಂಡಿ ತುಂಬ್ತು. ಅವ್ರು ಮಷೀನು ಬರ್ಲಿ ಅಂತ ಕೈ ಕಟ್ಕೊಂಡ್ ಕುಂತ್ರು. ನಾನು ಒಂದ್ ಫೋನ್ ಮಾಡಿ ಕ್ಲೀನ್ ಮಾಡಿಸ್ದೆ."

"ಹಂಗಾದ್ರೆ ನಿಮ್ ಮನೆ ವಿಚಾರ, ನಾವ್ಯಾಕೆ ಅಡ್ಡ ಬರಾಣ," ಎಂದು ದೊಡ್ಡರಂಗಪ್ಪ ಎಲೆಅಡಿಕೆಗೆ ಕೈಹಾಕಿದರು.

ನಬೀ ಸಾಬ್ ಒಳ್ಳೆಯ ಮುದುಕ. ಯಾರ ಮನಸ್ಸೂ ನೋಯಬಾರದೆನ್ನುವವರು. ಪರದೆಯ ಕೆಳಗೆ ಕಾಣುತ್ತಿದ್ದ ಚಪ್ಪಲಿಗಳನ್ನು ನೋಡಿದರು. "ಯಾರಮ್ಮಾ ಅದು?"

"ನನ್ ಮಗಳು," ಎಂದ ಮುಜೀಬ್. ಅವನಿಗೆ ಆಶ್ಚರ್ಯವಾಗಿತ್ತು. ಕೂಡಲೇ ಅವನ ದನಿ ಗೆಲುವಾಯಿತು. "ಇವಳನ್ನೇ ಕೇಳಿ. ಮನೇಲಿ ನಡ್ಯೋದೆಲ್ಲ ಇವಳಿಗೆ ಗೊತ್ತು. ಹೌದಲ್ಲ ಬೇಟಾ?"

"ನಿನ್ ಫುಪ್ಪು ಏನಾದ್ರೂ ಹೇಳಿ ಕಳ್ಸವ್ಳಾ ಬೇಟಾ?" ಎಂದರು ನಬೀ ಸಾಬ್.

ಖುಷ್ನುಮಾ ಬಾಯಿ ತೆರೆದಳು. ಗಾಳಿ ಬಂತು. ಮಾತು ಬರಲಿಲ್ಲ.

"ಅವಳು ಮಾತಾಡೋಳಲ್ಲ," ಎಂದ ಮುಜೀಬ್, ಪ್ರೀತಿಯಿಂದಲೇ. "ಚಿಕ್ಕಂದಿನಿಂದ್ಲೂ ಹಂಗೆ. ಬಸ್ಸಲ್ಲಿ ಸ್ಟಾಪ್ ಕೇಳಕ್ಕೂ ಬರಲ್ಲ ಅದಕ್ಕೆ."

ನಗೆ ಎದ್ದಿತು. ಬಸ್ಸಿನ ವಿಷಯ ಅಬ್ಬಾಗೂ ಗೊತ್ತಿದೆ! ಅವಳ ಕಿವಿ ಸುಟ್ಟಿತು.

"ನಿನ್ ಫುಪ್ಪು ಬಿಟ್ಕೊಡ್ತಾಳೆ ಅಂತ ತಿಳ್ಕೊಳ್ಳೋಣ್ವಾ?" ನಬೀ ಸಾಬ್ ಇನ್ನೊಮ್ಮೆ ಕೇಳಿದರು.

ಅವಳಿಗೆ ಗುಂಡಿಯ ಮುಚ್ಚಳ ಕಂಡಿತು. ಆ ನೀರಿನಲ್ಲಿ ಮಡಚಿದ ಕಾಲು ಕಂಡಿತು. ಕುಡಿಯದ ಟೀ ಹಿಡಿದ ಕೈ ಕಂಡಿತು. ಬೆವರಿಗೆ ದುಪಟ್ಟಾ ಕತ್ತಿಗೆ ಅಂಟಿತ್ತು. ತನ್ನ ಚಪ್ಪಲಿಯ ನಾತ ತನಗೇ ಮೂಗಿಗೆ ಹೊಡೆಯುತ್ತಿತ್ತು.

ನಬೀ ಸಾಬ್ ಮೂರನೆಯ ಸಲವೂ ಕೇಳಿದರು. ಕಾದರು. ಹೆಚ್ಚು ಕಾಯಲಿಲ್ಲ.

"ಸುಮ್ನವ್ಳೆ ಅಂದ್ರೆ ಒಪ್ಪಿಗೆ," ಎಂದರು ಯಾರೋ.

"ಹಂಗಾದ್ರೆ ದುವಾ ಮಾಡೋಣ," ಎಂದರು ನಬೀ ಸಾಬ್.

ಪರದೆಯಾಚೆ ಬಟ್ಟೆಗಳು ಸರಭರ ಎಂದವು. ಎಲ್ಲರ ಅಂಗೈಗಳೂ ಮೇಲೆ ಬಂದವು. ಬಸ್ಸು ತಿರುವು ದಾಟುತ್ತಿತ್ತು.

"ಇಲ್ಲ."

ತನ್ನ ದನಿಯೇ ಅವಳಿಗೆ ಗುರುತು ಹತ್ತಲಿಲ್ಲ. ಒರಟಾಗಿತ್ತು. ಒಡೆದಿತ್ತು. ಆದರೆ ಹಾಲಿನ ಕೊನೆಯವರೆಗೆ ಹೋಯಿತು. ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು.

"ಏನು ಇಲ್ಲ ಬೇಟಾ?" ಎಂದರು ನಬೀ ಸಾಬ್.

"ಖುಷೀ, ಮನೆಗೆ ನಡಿ," ಎಂದ ಮುಜೀಬ್. ಅವನ ದನಿಯಲ್ಲಿ ಈಗ ನಗುವಿರಲಿಲ್ಲ. "ದೊಡ್ಡೋರು ಮಾತಾಡೋ ಜಾಗ ಇದು. ನಡಿ ಅಂದೆ."

ಅವಳು ಹೋಗಲಿಲ್ಲ. ಪರದೆಯ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಅದರ ಒಂದು ಮೂಲೆಯ ದಾರ ಕಿತ್ತು ಬಂತು. ಆ ಸಂದಿನಲ್ಲಿ ಅಬ್ಬಾನ ಮುಖ ಕಂಡಿತು, ಫ್ಲೆಕ್ಸಿನಲ್ಲಿದ್ದ ಅದೇ ಮುಖ, ಕೈಗಳು ಎದೆಯ ಮುಂದೆ. ಅವಳು ಆ ಮುಖ ನೋಡಿಕೊಂಡೇ ಹೇಳಿದಳು.

"ಫುಪ್ಪು ನಿಲ್ತಾರೆ. ಗುಂಡಿ ಕ್ಲೀನ್ ಆಗಿಲ್ಲ ಅಬ್ಬಾ. ನೀವು ಅದಕ್ಕೆ ಚಿಕ್ಕನರಸಯ್ಯನ್ನ ಇಳಿಸೋಕೆ ಕಳ್ಸಿದ್ರಿ. ಅವ್ನು ಇಳೀಬಾರದು ಅಂತ ಮೆಂಬರು ಮುಚ್ಚಳದ ಮೇಲೆ ಕೂತಿದ್ದಾರೆ."